ನಿನ್ನೆ ಸಂಜೆಯ ನಡಾವಳಿ

ಸಭೆಯ ನಡಾವಳಿ ಅವನ ಚೀಲದಲ್ಲಿ, ಊಟದ ಡಬ್ಬಿಯ ಕೆಳಗೆ, ಬೆಚ್ಚಗೆ ಮಲಗಿತ್ತು. ಸಭೆ ಮಾತ್ರ ಇನ್ನೂ ಶುರುವಾಗಿರಲಿಲ್ಲ. ಯಾರು ಬಂದರು, ಯಾರು ಏನೆಂದರು, ಕೊನೆಗೆ ಏನು ತೀರ್ಮಾನವಾಯಿತು ಎಂಬುದೆಲ್ಲ ಮೂರು ಪುಟಗಳಲ್ಲಿ ಅಚ್ಚುಕಟ್ಟಾಗಿತ್ತು. ನಿನ್ನೆ ಸಂಜೆ ಐದಕ್ಕೆ ಟೈಪ್ ಮಾಡಿ ಮುಗಿಸಿ, ಸಾಹೇಬರ ಸಹಿಗೆ ಜಾಗ ಬಿಟ್ಟು, ತಪ್ಪಿದೆಯೇ ಎಂದು ಎರಡು ಸಲ ಓದಿ, ಪಿನ್ನು ಹೊಡೆದು ಇಟ್ಟಿದ್ದ. ಈಗ ಪುರಭವನದ ವೇದಿಕೆಯ ಕೆಳಗೆ, ಎಡಮೂಲೆಯಲ್ಲಿ, ಒಂದು ಕಾಲು ಗಿಡ್ಡವಾಗಿದ್ದ ಮೇಜಿನ ಮುಂದೆ ನೋಟ್‌ಬುಕ್ ಬಿಡಿಸಿ, ಮೂರು ಪೆನ್ಸಿಲ್ಲುಗಳನ್ನು ಸಾಲಾಗಿ ಜೋಡಿಸಿ, ಸರ್ಕಾರದ ಶೀಘ್ರಲಿಪಿಗಾರ ಹೇಗೆ ಕೂರಬೇಕೋ ಹಾಗೆ ಕೂತಿದ್ದ. ಮೇಜಿನ ಗಿಡ್ಡ ಕಾಲಿನ ಕೆಳಗೆ ಹಿಂದಿನ ಯಾವುದೋ ಸಭೆಯ ನಡಾವಳಿಯನ್ನು ನಾಲ್ಕು ಮಡಿಕೆ ಮಾಡಿ ಸಿಕ್ಕಿಸಿದ್ದರು. ಅದರಿಂದ ಯಾರಿಗಾದರೂ ಉಪಯೋಗವಾಗಿದ್ದರೆ ಆ ಮೇಜಿಗೆ ಮಾತ್ರ.

ಬೆಳಗಿನಿಂದ ಒಂದು ಮಾತು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ ಕಾಡುತ್ತಿತ್ತು. ಡಬ್ಬಿ ಕೈಗಿಡುವಾಗ ಹೆಂಡತಿ, "ಇವತ್ತಿನ ಸಭೆ ಎಷ್ಟೊತ್ತಿಗೆ ರೀ?" ಅಂದಿದ್ದಳು. ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ಕೇಳದ ಪ್ರಶ್ನೆ. ಹನ್ನೊಂದಕ್ಕೆ ಅಂದ. "ಯಾರು ಬೇಕಾದ್ರೂ ಬರಬಹುದಾ?" ಅಂದಳು. ಬರಬಹುದು ಅಂದ. ಅವಳು ಹೋಗಿ ಹೊಲಿಗೆ ಮೆಷಿನ್ನಿಗೆ ಎಣ್ಣೆ ಬಿಡತೊಡಗಿದಳು. ಅಷ್ಟೇ ನಡೆದದ್ದು. ಆದರೂ ಅವನಿಗೆ ಬಾಗಿಲು ಹಾಕದೆ ಬಂದೆನೇನೋ, ಒಲೆ ಆರಿಸದೆ ಬಂದೆನೇನೋ ಅನ್ನಿಸುವ ಜಾತಿಯ ಕಳವಳ. ದಾರಿಯುದ್ದಕ್ಕೂ ಚೀಲವನ್ನು ಎದೆಗೆ ಅವುಚಿಕೊಂಡೇ ಬಂದಿದ್ದ. ಒಳಗಿದ್ದ ಮೂರು ಪುಟಗಳನ್ನು ಯಾರಾದರೂ ಕದಿಯುತ್ತಾರೆ ಎಂಬ ಭಯವೇನೂ ಇರಲಿಲ್ಲ. ಸರ್ಕಾರದ ಕಾಗದವನ್ನು ಕದಿಯುವ ಕಳ್ಳ ಇನ್ನೂ ಹುಟ್ಟಬೇಕು.

ಹುಟ್ಟುವುದರ ಬಗ್ಗೆಯೇ ಇವತ್ತಿನ ಸಭೆ. ಊರಿನ ಆಸ್ಪತ್ರೆಯ ಹೆರಿಗೆ ವಾರ್ಡನ್ನು ಮುಂದಿನ ತಿಂಗಳಿನಿಂದ ಮುಚ್ಚಿ, ಬಸ್ಸಿನಲ್ಲಿ ಎರಡು ಗಂಟೆ ದೂರವಿರುವ ದೊಡ್ಡ ಆಸ್ಪತ್ರೆಗೆ ಸೇರಿಸುವುದೆಂದು ಸರ್ಕಾರ ತೀರ್ಮಾನಿಸಿತ್ತು. ಖಾಲಿಯಾಗುವ ಕೋಣೆಗಳಲ್ಲಿ ಇಲಾಖೆಯ ಹಳೆಯ ಕಡತಗಳನ್ನು ಇಡುವುದು. ಕಡತಗಳಿಗೆ ಗಾಳಿ ಬೆಳಕು ಬೇಕೆಂದು ಆದೇಶದಲ್ಲಿ ವಿಶೇಷವಾಗಿ ಹೇಳಿತ್ತು. ಬಸುರಿಯರಿಗೆ ಏನು ಬೇಕೆಂದು ಹೇಳಿರಲಿಲ್ಲ. ಆದರೆ ಕಾನೂನು ಕಾನೂನೇ. ಜನರನ್ನು ಕರೆದು ಅಭಿಪ್ರಾಯ ಕೇಳಬೇಕು, ಜನ ಬೇಡವೆಂದರೆ ಆದೇಶವನ್ನು ತಡೆಹಿಡಿದು ಮತ್ತೆ ಪರಿಶೀಲಿಸಬೇಕು ಎಂದು ನಿಯಮವಿತ್ತು. ಜನ ಬೇಡವೆಂದದ್ದು ನಡಾವಳಿಯಲ್ಲಿ ಇರಬೇಕು ಎಂದೂ ಇತ್ತು. ಮೇಲಿನವರು ನೋಡುವುದು ಆ ಮೂರು ಪುಟವನ್ನು ಮಾತ್ರ. ಅದರಲ್ಲಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಅದು ಇವತ್ತೇ ಮಧ್ಯಾಹ್ನದ ಟಪಾಲಿನಲ್ಲಿ ಹೋಗಬೇಕಿತ್ತು.

ಸಾಹೇಬರು ಬಂದು ವೇದಿಕೆಯ ಮೇಲೆ ಕೂತರು. ವಯಸ್ಸಿನಲ್ಲಿ ಅವನಿಗಿಂತ ಇಪ್ಪತ್ತು ವರ್ಷ ಚಿಕ್ಕವರು. ಯಾರು ಏನೇ ಹೇಳಿದರೂ "ಆಗಲಿ" ಅನ್ನುತ್ತಿದ್ದುದರಿಂದ ಕಚೇರಿಯಲ್ಲಿ ಅವರಿಗೆ ಆಗಲಿ ಸಾಹೇಬರು ಎಂದೇ ಹೆಸರು. ರಜೆ ಬೇಕು ಸಾರ್ ಅಂದರೆ ಆಗಲಿ ಅನ್ನುತ್ತಿದ್ದರು, ರಜೆ ಸಿಗುತ್ತಿರಲಿಲ್ಲ. ಅವರ ಬಲಗಿವಿ ಈ ಮೇಜಿಗೆ ಸರಿಯಾಗಿ ಕಾಣುತ್ತಿತ್ತು. ಒಳ್ಳೆಯ ಕಿವಿ. ಅಗಲವಾದ ಹಾಲೆ, ಒಳಗಿಂದ ಇಣುಕುವ ನಾಲ್ಕೈದು ಕೂದಲು. ಅವನ ಪೆನ್ಸಿಲ್ಲು ತನ್ನಷ್ಟಕ್ಕೆ ತಾನೇ ಚಲಿಸಿ ಆ ಹಾಲೆಯ ಅಂಚನ್ನು ಎಳೆಯಿತು.

ಇದು ಅವನ ಚಾಳಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹೀಗಿರಲಿಲ್ಲ. ಮೊದಲನೆಯ ಸಭೆಯಲ್ಲಿ, ಅದು ಸಂತೆಯ ಜಾಗ ಬದಲಿಸುವ ವಿಷಯ, ನಾಲ್ಕು ಗಂಟೆ ಹೊತ್ತು ಜನ ಬೈದದ್ದನ್ನೆಲ್ಲ, ಅವರ ಕೆಮ್ಮನ್ನೊಂದು ಬಿಟ್ಟು, ಹಿಡಿದಿದ್ದ. ಮೂರು ದಿನ ಕೂತು ನಲವತ್ತೊಂದು ಪುಟ ಟೈಪ್ ಮಾಡಿ ಹೆಡ್ ಕ್ಲಾರ್ಕಿನ ಮುಂದಿಟ್ಟು, ಬೆನ್ನು ತಟ್ಟುತ್ತಾರೆಂದು ಕಾದು ನಿಂತಿದ್ದ. ಹೆಡ್ ಕ್ಲಾರ್ಕು ಪುಟಗಳನ್ನು ಕೈಯಲ್ಲಿ ತೂಗಿ ನೋಡಿ, "ಚೆನ್ನಾಗಿದೆ ಕಣಯ್ಯಾ, ಆದ್ರೆ ಇಷ್ಟೊಂದು ಯಾರು ಓದ್ತಾರೆ? ನಾನು ಮೊನ್ನೇನೇ ಎರಡು ಪುಟ ಕಳ್ಸಿಬಿಟ್ಟೆ" ಅಂದರು. ಮೊನ್ನೆ ಕಳಿಸಿದ್ದನ್ನು ಅವರು ಟೈಪ್ ಮಾಡಿಟ್ಟದ್ದು ಸಭೆಯ ಹಿಂದಿನ ದಿನವೇ. ಸಭೆ ಮುಗಿದ ಮೇಲೆ ಟೈಪ್ ಮಾಡಲು ಕೂತರೆ ಅವರಿಗೆ ಐದೂ ನಲವತ್ತರ ಬಸ್ಸು ತಪ್ಪುತ್ತಿತ್ತು. ಇದರಲ್ಲಿ ಯಾವ ಸಂಚೂ ಇರಲಿಲ್ಲ. ಒಬ್ಬ ಮನುಷ್ಯನ ಬಸ್ಸು ಇತ್ತು. ಆ ಹೆಡ್ ಕ್ಲಾರ್ಕು ನಿವೃತ್ತರಾಗಿ, ಆ ಬಸ್ಸೂ ನಿಂತುಹೋಗಿ ಎಷ್ಟೋ ವರ್ಷವಾಗಿತ್ತು. ಪದ್ಧತಿ ಮಾತ್ರ ಉಳಿದಿತ್ತು, ಈಗ ಅದನ್ನು ನಡೆಸುವವನು ಅವನೇ. ಸಭೆಯಲ್ಲಿ ಪೆನ್ಸಿಲ್ಲು ಆಡುತ್ತಿರಬೇಕು, ಇಲ್ಲದಿದ್ದರೆ ಜನಕ್ಕೆ ಅನುಮಾನ ಬರುತ್ತದೆ. ಅದಕ್ಕೆ ಕಿವಿ ಬಿಡಿಸುತ್ತಿದ್ದ. ಇಪ್ಪತ್ತಾರು ವರ್ಷದಲ್ಲಿ ಹದಿನೇಳು ಸಾಹೇಬರ ಕಿವಿ. ಶೀಘ್ರಲಿಪಿ ಓದಲು ಬಾರದವರಿಗೆ ಅದೂ ಒಂದೇ, ಇದೂ ಒಂದೇ.

ನಿವೃತ್ತ ಭೂಗೋಳದ ಮೇಷ್ಟ್ರು ಎದ್ದು ಎರಡು ಊರುಗಳ ನಡುವಿನ ರಸ್ತೆಯ ಉದ್ದ, ತಿರುವು, ಸೇತುವೆಗಳ ಬಗ್ಗೆ ಪಾಠ ಮಾಡಿದರು. ಸಾಹೇಬರು ಆಗಲಿ ಅಂದರು. ಮೇಷ್ಟ್ರು ಕೂರುವ ಮೊದಲು ಅವನ ಕಡೆ ತಿರುಗಿ, "ಬರ್ಕೊಂಡ್ರಾ?" ಅಂದರು. ಅವನು ತಲೆಯಾಡಿಸಿದ. ಎಲ್ಲರೂ ಹೀಗೆಯೇ ಕೇಳುತ್ತಾರೆ. ಸಾಹೇಬರನ್ನು ಯಾರೂ ನಂಬುವುದಿಲ್ಲ, ಪೆನ್ಸಿಲ್ಲನ್ನು ನಂಬುತ್ತಾರೆ. ಆಮೇಲೆ ಚರಂಡಿ ಅಜ್ಜಿ ಎದ್ದಳು. ಯಾವ ಸಭೆಯಾದರೂ ಸರಿ, ಅಜ್ಜಿ ತನ್ನ ಮನೆ ಮುಂದಿನ ಚರಂಡಿಯ ಬಗ್ಗೆಯೇ ಮಾತಾಡುತ್ತಿದ್ದಳು. "ಹೆರಿಗೆ ಎಲ್ಲಾದ್ರೂ ಮಾಡ್ಸಿ, ಮಗೂನ ಕರ್ಕೊಂಡು ಮನೆಗೆ ಬರೋದು ಆ ಚರಂಡಿ ದಾಟ್ಕೊಂಡೇ ತಾನೇ?" ಅಂದಳು. ಸಭೆ ನಕ್ಕಿತು. ಆಗಲಿ ಅಂದರು ಸಾಹೇಬರು. "ಬರ್ಕೊಂಡ್ಯಾ ಮಗಾ?" ಅಂದಳು ಅಜ್ಜಿ. ಹೂಂ ಅಜ್ಜಿ ಅಂದ. ಹನ್ನೊಂದು ವರ್ಷದಿಂದ ಆ ಚರಂಡಿಯನ್ನು ಬರೆದುಕೊಳ್ಳುತ್ತಿದ್ದ. ಕಿವಿಯ ಒಳಸುಳಿ ಇವತ್ತು ಯಾಕೋ ಸರಿಯಾಗಿ ಬರುತ್ತಿರಲಿಲ್ಲ. ಮೂರನೆಯ ಹೆಸರು ಕರೆದರು. ಹೆಸರು ಕಿವಿಗೆ ಬಿದ್ದರೂ ತಲೆಗೆ ಇಳಿಯಲು ಒಂದು ಗಳಿಗೆ ಹಿಡಿಯಿತು. ಅದು ಅವನ ಮನೆಯ ರೇಷನ್ ಕಾರ್ಡಿನಲ್ಲಿದ್ದ ಹೆಸರು.

ಅವನ ಹೆಂಡತಿ ಹಿಂದಿನ ಸಾಲಿನಿಂದ ಎದ್ದು ನಡುವಿನ ಮೈಕಿನ ಹತ್ತಿರ ಬಂದಳು. ಇಸ್ತ್ರಿಯ ಬಟ್ಟೆ. ಕೈಯಲ್ಲಿ ಕಾಗದವಿಲ್ಲ. ಅಳತೆಯ ಟೇಪು ಕೊರಳಲ್ಲೇ ಇತ್ತು, ತೆಗೆಯಲು ಮರೆತಿದ್ದಳು. ಅವನಿಗೆ ಎದ್ದು ಹೋಗಿ ಅದನ್ನು ತೆಗೆಯಬೇಕೆನ್ನಿಸಿತು, ಮೇಜಿನ ಕೆಳಗೆ ನುಸುಳಬೇಕೆಂದೂ ಅನ್ನಿಸಿತು.

"ನಾನು ಟೈಲರು," ಅಂದಳು. "ಆಸ್ಪತ್ರೆ ಗೇಟಿನ ಎದುರೇ ನಮ್ಮನೆ. ಮೆಷಿನ್ನು ಕಿಟಕಿ ಹತ್ರ ಇದೆ. ಹೊಟ್ಟೆ ಹಿಡ್ಕೊಂಡು ಒಳಗೆ ಹೋಗೋರ್ನೂ ನೋಡ್ತೀನಿ, ಮಗು ಎತ್ಕೊಂಡು ಹೊರಗೆ ಬರೋರ್ನೂ ನೋಡ್ತೀನಿ. ಹೆರಿಗೆ ಕಮ್ಮಿ ಆಗಿದೆ ಅಂತ ನಿಮ್ಮ ಕಾಗದದಲ್ಲಿ ಇದೆಯಂತೆ. ಯಾರು ಎಣಿಸಿದ್ರೋ ಗೊತ್ತಿಲ್ಲ. ಎಣಿಸೋಕೆ ಅಂತ ಆ ಗೇಟಿಗೆ ಒಬ್ರು ಬಂದಿದ್ದನ್ನೂ ನಾನು ನೋಡಿಲ್ಲ."

ಪ್ರತಿ ವಾಕ್ಯ ಮುಗಿದ ಮೇಲೂ ಅವಳು ಒಂದು ಚೂರು ನಿಲ್ಲುತ್ತಿದ್ದಳು. ಭಯದಿಂದಲ್ಲ. ಅವನಿಗೆ ಥಟ್ಟನೆ ಅರ್ಥವಾಯಿತು. ಮದುವೆಯಾದ ವರ್ಷ ಅವನು ಶೀಘ್ರಲಿಪಿಯ ಸೀನಿಯರ್ ಪರೀಕ್ಷೆಗೆ ಕಟ್ಟಿದಾಗ ದಿನಾ ಬೆಳಗ್ಗೆ ಅಡುಗೆಮನೆಯ ನೆಲದ ಮೇಲೆ ಅಲಾರಾಂ ಗಡಿಯಾರ ಇಟ್ಟುಕೊಂಡು ಅವನಿಗೆ ಪತ್ರಿಕೆ ಓದಿ ಹೇಳುತ್ತಿದ್ದವಳು ಇವಳೇ. ನಿಮಿಷಕ್ಕೆ ಎಂಬತ್ತು ಪದ. ಅವನು ಹಿಂದೆ ಬಿದ್ದರೆ ಅವಳಿಗೆ ಅವನ ಮುಖ ನೋಡಿಯೇ ತಿಳಿಯುತ್ತಿತ್ತು, ಪದವನ್ನು ಬಾಯಲ್ಲೇ ಹಿಡಿದು ಕಾಯುತ್ತಿದ್ದಳು. ಈಗಲೂ ಹಾಗೆಯೇ ಕಾಯುತ್ತಿದ್ದಳು. ಇಷ್ಟು ಜನರ ನಡುವೆ, ಸರ್ಕಾರದ ಮುಂದೆ, ಇವನಿಗೆ ತೊಂದರೆಯಾಗದಿರಲೆಂದು ತನ್ನ ಸಿಟ್ಟನ್ನು ಎಂಬತ್ತರ ವೇಗಕ್ಕೆ ತಗ್ಗಿಸಿಕೊಂಡಿದ್ದಳು. ಅವನ ಕೈ ಕಿವಿಯ ಕೂದಲನ್ನು ಒಂದೊಂದಾಗಿ ಎಳೆಯುತ್ತಿತ್ತು. ನಿಲ್ಲಿಸಿದರೆ ಅವಳಿಗೆ ಗೊತ್ತಾಗುತ್ತದೆ.

"ನನ್ನ ಮಗಳು ಹುಟ್ಟಿದ್ದು ಅಲ್ಲೇ," ಅಂದಳು ಅವಳು. "ದಿನ ತುಂಬೋಕೆ ಮುಂಚೇನೇ, ಮಟಮಟ ಮಧ್ಯಾಹ್ನ, ರಕ್ತ ಹೋಗೋಕೆ ಶುರುವಾಯ್ತು. ರಸ್ತೆ ದಾಟಿದೆ, ಅಷ್ಟೇ. ಇನ್ನರ್ಧ ಗಂಟೆ ಆಗಿದ್ರೆ ಇಬ್ರೂ ಉಳೀತಿರಲಿಲ್ಲ ಅಂತ ಡಾಕ್ಟ್ರಮ್ಮ ಆಮೇಲೆ ಹೇಳಿದ್ರು. ನೀವೀಗ ಎರಡು ಗಂಟೆ ಅಂತಿದೀರಿ. ಬಸ್ಸು ಸಿಕ್ಕಿದ್ರೆ." ಇಲ್ಲಿ ಸ್ವಲ್ಪ ನಿಂತು ಮೇಜಿನ ಕಡೆ ನೋಡಿದಳು. "ಅವತ್ತು ನಮ್ಮ ಯಜಮಾನ್ರು ಬರಲಿಲ್ಲ. ಅಲ್ಲಿ ಕೂತಿದಾರಲ್ಲ, ಅವರೇ. ಇದೇ ಹಾಲಲ್ಲಿ ಇಂಥದೇ ಸಭೆ. ಪಕ್ಕದ ಮನೆಯವರು ಬಂದು ಕರೆದ್ರೆ, ಜನ ಮಾತಾಡ್ತಿದಾರೆ, ಎದ್ದು ಬಂದ್ರೆ ಅವರ ಮಾತು ಕಳೆದುಹೋಗುತ್ತೆ ಅಂತ ಹೇಳಿ ಕಳ್ಸಿದ್ರು. ಅತ್ತೆ ಬೈದ್ರು, ನಮ್ಮಪ್ಪ ಬೈದ್ರು. ನಾನು ಬೈಲಿಲ್ಲ. ಯಾರೋ ಪಾಪ ಕಷ್ಟ ಹೇಳ್ಕೊಳ್ತಿದಾರೆ, ಇವರು ಬರ್ಕೊಳ್ತಿದಾರೆ, ಇರ್ಲಿ ಅಂದ್ಕೊಂಡೆ. ಅವತ್ತು ಬೇರೆಯವರ ಮಾತು ಬರ್ಕೊಂಡ್ರು. ಇವತ್ತು ನಂದು ಬರ್ಕೊಳ್ಳಲಿ. ಈ ವಾರ್ಡು ಮುಚ್ಚಬೇಡಿ. ಅಷ್ಟೇ ನಂದು."

ಮಗಳು ಹುಟ್ಟಿದ ದಿನದ ಸಭೆ ನಾಯಿಗಳಿಗೆ ಲೈಸೆನ್ಸ್ ಕಡ್ಡಾಯ ಮಾಡುವ ಬಗ್ಗೆ. ಆಗಿನ ಸಾಹೇಬರದು ಮುದುಡಿಕೊಂಡ ಸಣ್ಣ ಕಿವಿ, ಬಿಡಿಸಲು ಸುಲಭ. ಪಕ್ಕದ ಮನೆಯಾತ ಬಾಗಿಲಲ್ಲಿ ನಿಂತು ಕೈ ಮಾಡಿ ಕರೆದಾಗ ಅವನು ಎದ್ದು ಹೋಗಬಹುದಿತ್ತು. ನಡಾವಳಿ ಚೀಲದಲ್ಲೇ ಇತ್ತು. ಆದರೆ ಎದ್ದರೆ ಸಾಹೇಬರು ನೋಡುತ್ತಾರೆ, ಎಲ್ಲಿಗೆ ಅನ್ನುತ್ತಾರೆ, ಉತ್ತರ ಹೇಳಬೇಕಾಗುತ್ತದೆ. ಅವನಿಗೆ ಸಾಹೇಬರೆಂದರೆ ಭಯ. ಅದಕ್ಕೆ ಆ ಮಾತು ಹೇಳಿ ಕಳಿಸಿದ. ಹೇಳುವಾಗಲೇ ಅದು ಎಷ್ಟು ಚೆನ್ನಾಗಿದೆಯಲ್ಲ ಅನ್ನಿಸಿತ್ತು. ಆಮೇಲೆ ಇಪ್ಪತ್ತೆರಡು ವರ್ಷ ಆ ಒಂದು ಮಾತಿನ ನೆರಳಲ್ಲಿ ಸುಖವಾಗಿ ಬದುಕಿದ. ಅವಳು ನೆಂಟರಿಷ್ಟರ ಮುಂದೆ ಹೇಳಿಕೊಂಡಳು. ಮಗಳು ಶಾಲೆಯ ಪ್ರಬಂಧದಲ್ಲಿ, ನಮ್ಮ ಅಪ್ಪ ಊರಿನವರೆಲ್ಲರ ಮಾತನ್ನು ಬರೆದಿಡುತ್ತಾರೆ ಎಂದು ಬರೆದು ಹತ್ತಕ್ಕೆ ಎಂಟು ಅಂಕ ತಂದಳು. ಅವನು ಪ್ರತಿ ಸಲವೂ ಕತ್ತು ಬಗ್ಗಿಸಿ ಕೂರುತ್ತಿದ್ದ. ಅದನ್ನು ಎಲ್ಲರೂ ವಿನಯ ಎಂದುಕೊಂಡರು. ಈಗ ಅವನಿಗೆ ನಾಚಿಕೆಯಾಯಿತು. ಇವಳು ಆ ದಿನ ಸತ್ತಿದ್ದರೆ ತಾನು ಕಿವಿ ಬಿಡಿಸುತ್ತ ಕೂತಿದ್ದಾಗ ಸತ್ತಿರುತ್ತಿದ್ದಳು.

"ಆಗಲಿ ಅಮ್ಮ," ಅಂದರು ಸಾಹೇಬರು. "ನಿಮ್ಮ ಮಾತು ದಾಖಲಾಗಿದೆ."

"ಸ್ವಲ್ಪ ನಿಲ್ಲಿ ಸಾರ್," ಎಂದು ಎದ್ದವನು ಕಟಿಂಗ್ ಶಾಪಿನವನು. ಶೀಘ್ರಲಿಪಿಗಾರನ ತಲೆಯನ್ನು ತಿಂಗಳಿಗೊಮ್ಮೆ ಬಗ್ಗಿಸಿ ಕೂದಲು ಕತ್ತರಿಸುವ ಮನುಷ್ಯ. ಜೇಬಿನಿಂದ ಮಡಿಕೆ ಬಿದ್ದ ಕಾಗದ ತೆಗೆದ. "ಹೋದ ವರ್ಷ ಬಸ್ ಸ್ಟ್ಯಾಂಡ್ ಎತ್ತಂಗಡಿ ಮಾಡೋ ಸಭೇಲಿ ನಾನು ಮುಕ್ಕಾಲು ಗಂಟೆ ಕೂಗಾಡಿದೆ. ಪೊಲೀಸ್ರು ಕೈ ಹಿಡ್ಕೊಂಡು ಹೊರಗೆ ಬಿಟ್ರು. ಆಮೇಲೆ ಅರ್ಜಿ ಹಾಕಿ ನಡಾವಳಿ ತಗೊಂಡು ನೋಡಿದ್ರೆ, ನಾನು ಹರ್ಷ ವ್ಯಕ್ತಪಡಿಸಿದೆ ಅಂತ ಇದೆ. ಸಾರ್, ನಮ್ಮಪ್ಪನಾಣೆ, ನಾನು ಹುಟ್ಟಿದಾಗಿಂದ ಹರ್ಷ ವ್ಯಕ್ತಪಡಿಸಿಲ್ಲ. ನನ್ನ ಹೆಂಡ್ತೀನ ಕೇಳಿ ಬೇಕಾದ್ರೆ."

ಸಭೆ ಗೊಳ್ಳೆಂದಿತು. ಹರ್ಷ ಎಂಬ ಪದವನ್ನು ಟೈಪ್ ಮಾಡಿದ ಸಂಜೆ ಅವನಿಗೆ ಚೆನ್ನಾಗಿ ನೆನಪಿತ್ತು. ಸಂತೋಷ ಎಂದು ಮೊದಲು ಹಾಕಿ, ಹಿಂದಿನ ಸಾಲಿನಲ್ಲೂ ಸಂತೋಷ ಬಂದದ್ದರಿಂದ ಬದಲಾಯಿಸಿದ್ದ.

"ತಪ್ಪು ಇವರದಲ್ಲ," ಎಂದು ಕಟಿಂಗ್ ಶಾಪಿನವನು ಇವನ ಕಡೆ ಕೈ ತೋರಿಸಿದ. "ಇವರು ನಮ್ಮ ಗಿರಾಕಿ. ಸಜ್ಜನರು. ಬಾಯಿ ಬಿಟ್ಟು ಒಂದು ಮಾತಾಡಲ್ಲ. ಇವರು ಸರಿಯಾಗೇ ಬರ್ಕೊಂಡಿರ್ತಾರೆ, ನಿಮ್ಮ ಆಫೀಸಿಗೆ ಹೋದ್ಮೇಲೆ ಯಾರೋ ಕೈ ಆಡಿಸ್ತಾರೆ. ಅದಕ್ಕೆ ಇಲ್ಲೇ ಓದಿಸಿ. ಆ ಅಕ್ಕ ಹೇಳಿದ್ದನ್ನ ಇವರ ಬಾಯಿಂದಲೇ ಎಲ್ಲರೂ ಕೇಳಲಿ. ಆಮೇಲೆ ಯಾರು ಬದಲಾಯಿಸ್ತೀರೋ ನೋಡೋಣ."

ಓದಿಸಿ, ಓದಿಸಿ ಎಂದು ನಾಲ್ಕು ಕಡೆಯಿಂದ ದನಿ ಬಂತು. ಸಾಹೇಬರು ನಿರಾಳವಾಗಿ ನಕ್ಕರು. ಓದುವುದರಿಂದ ಯಾರ ಗಂಟೇನು ಹೋಗುತ್ತದೆ. "ಆಗಲಿ," ಅಂದರು. "ಓದ್ರಿ ಇವ್ರೆ."

ಅವನು ಎದ್ದು ನಿಂತ. ನೋಟ್‌ಬುಕ್ಕನ್ನು ಕೈಗೆತ್ತಿಕೊಂಡ. ಪುಟದ ತುಂಬ ಒಂದೇ ದೊಡ್ಡ ಕಿವಿ. ಆದರೆ ಇದೇನು ಮಹಾ. ಅವಳು ಹೇಳಿದ ಒಂದೊಂದು ಪದವೂ ಅವನಿಗೆ ಬಾಯಿಪಾಠವಾಗಿತ್ತು. ಬರೆದುಕೊಳ್ಳದೆಯೇ ಎಂಬತ್ತರ ವೇಗವನ್ನು ಹಿಡಿಯಬಲ್ಲ ತಲೆ ಅವನದು. "ನಾನು ಟೈಲರು," ಎಂದು ಶುರು ಮಾಡಿದ. "ಆಸ್ಪತ್ರೆ ಗೇಟಿನ ಎದುರೇ ನಮ್ಮನೆ. ಮೆಷಿನ್ನು ಕಿಟಕಿ ಹತ್ರ ಇದೆ." ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಬಂತು. ತಮ್ಮ ಮಾತು ಹೀಗೆ ಸರ್ಕಾರದ ಬಾಯಲ್ಲಿ ತಿರುಗಿ ಬಂದದ್ದನ್ನು ಆ ಜನ ಎಂದೂ ಕೇಳಿರಲಿಲ್ಲ. ಚರಂಡಿ ಅಜ್ಜಿ ಬಾಯಿ ತೆರೆದುಕೊಂಡು ನೋಡುತ್ತಿದ್ದಳು. ಕಟಿಂಗ್ ಶಾಪಿನವನು, ನಾನು ಹೇಳಲಿಲ್ವಾ ಎಂಬ ಹಾಗೆ ಪಕ್ಕದವನನ್ನು ತಿವಿದ. ಇನ್ನು ಎರಡು ನಿಮಿಷ ಹೀಗೆಯೇ ಓದಿದರೆ ಸಾಕು. ಚಪ್ಪಾಳೆ ಬೀಳುತ್ತದೆ. ಆಗಲಿ ಅನ್ನುತ್ತಾರೆ. ಮಧ್ಯಾಹ್ನದ ಟಪಾಲಿನಲ್ಲಿ ಚೀಲದಲ್ಲಿದ್ದದ್ದು ಹೋಗುತ್ತದೆ. ಮುಂದಿನ ತಿಂಗಳು ವಾರ್ಡು ಮುಚ್ಚಿದಾಗ ಇವನು ಸರಿಯಾಗೇ ಬರೆದಿದ್ದ, ಮೇಲಿನವರು ಕೆಟ್ಟವರು ಎಂದು ಊರೆಲ್ಲ ಹೇಳುತ್ತದೆ. ಅವನು ತಲೆಯೆತ್ತಿ ಹೆಂಡತಿಯನ್ನು ನೋಡಿದ. ಅವಳು ಅವನನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಎಂಥ ಸಮಾಧಾನವಿತ್ತೆಂದರೆ ಅವನಿಗೆ ಮುಂದಿನ ವಾಕ್ಯ ಹೇಳಲಾಗಲಿಲ್ಲ.

ನೋಟ್‌ಬುಕ್ ಕೆಳಗಿಟ್ಟ. ಬಗ್ಗಿ ಚೀಲಕ್ಕೆ ಕೈ ಹಾಕಿ, ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, ಮೂರು ಪುಟ ಹೊರಗೆ ತೆಗೆದ. ಧೈರ್ಯ ಎಂಬಂಥದ್ದೇನೂ ಅವನಿಗೆ ಅನ್ನಿಸಲಿಲ್ಲ. ವಾಂತಿ ಬರುವಾಗ ತಡೆಯಲಾಗದ ಹಾಗೆ, ಅಷ್ಟೇ.

"ಮೇಲ್ಕಂಡ ದಿನಾಂಕದಂದು ಪುರಭವನದಲ್ಲಿ ಸಾರ್ವಜನಿಕ ಅಹವಾಲು ಸಭೆಯನ್ನು ನಡೆಸಲಾಯಿತು," ಎಂದು ಓದಿದ. "ಸಾರ್ವಜನಿಕರು ಹೆಚ್ಚಿನ ಸಂಖ್ಯೆಯಲ್ಲಿ ಹಾಜರಿದ್ದು, ಹೆರಿಗೆ ವಾರ್ಡನ್ನು ಸ್ಥಳಾಂತರಿಸುವ ಸರ್ಕಾರದ ತೀರ್ಮಾನವನ್ನು ಒಕ್ಕೊರಲಿನಿಂದ ಸ್ವಾಗತಿಸಿದರು. ಮಹಿಳೆಯರು ವಿಶೇಷವಾಗಿ ಅಭಿನಂದನೆ ಸಲ್ಲಿಸಿದರು. ಆಕ್ಷೇಪಣೆಗಳು, ಯಾವುದೂ ಇಲ್ಲ. ಮಧ್ಯಾಹ್ನ ಒಂದು ಗಂಟೆಗೆ ವಂದನಾರ್ಪಣೆಯೊಂದಿಗೆ ಸಭೆ ಮುಕ್ತಾಯವಾಯಿತು."

ಎಲ್ಲರೂ ಗೋಡೆ ಗಡಿಯಾರ ನೋಡಿದರು. ಹನ್ನೆರಡಕ್ಕೆ ಹತ್ತು ನಿಮಿಷವಿತ್ತು.

"ಏನ್ರೀ ಇದು?" ಅಂದರು ಸಾಹೇಬರು. ಮೊದಲ ಸಲ ಅವರ ಬಾಯಿಂದ ಆಗಲಿ ಬರಲಿಲ್ಲ. "ಇದು... ಇದು ಕರಡು. ಯಾರು ಟೈಪ್ ಮಾಡಿದ್ದು ಇದನ್ನ?"

"ನಾನೇ ಸಾರ್. ನಿನ್ನೆ ಸಂಜೆ. ನೀವೇ ಓಕೆ ಮಾಡಿದ್ರಿ."

ಯಾರೋ ನಕ್ಕರು. ನಗು ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಹಬ್ಬಿತು. ಹಿಂದಿನವನೊಬ್ಬ, ಹಾಗಾದ್ರೆ ನಾವು ಇನ್ನೂ ಎಪ್ಪತ್ತು ನಿಮಿಷ ಅಭಿನಂದನೆ ಸಲ್ಲಿಸಬೇಕು ಅಂದ. ಆ ನಗುವಿನೊಳಗೆ ಸಿಟ್ಟು ಏರುತ್ತಿತ್ತು, ಕುರ್ಚಿಗಳು ಸದ್ದು ಮಾಡತೊಡಗಿದವು. ಕಟಿಂಗ್ ಶಾಪಿನವನು ಮಾತ್ರ ನಗಲಿಲ್ಲ, ಕೈಯಲ್ಲಿದ್ದ ಕಾಗದವನ್ನೊಮ್ಮೆ ಶೀಘ್ರಲಿಪಿಗಾರನನ್ನೊಮ್ಮೆ ನೋಡಿದ. "ಸಾರ್, ಹಂಗಾದ್ರೆ ಆ ಹರ್ಷ ನಿಮ್ದೇನಾ?" ಅಂದ. ಅವನು ಹೌದೆಂದು ತಲೆಯಾಡಿಸಿದ. ಅವನು ನಿರೀಕ್ಷಿಸಿದ್ದು ಇದನ್ನಲ್ಲ, ಮೈಕಿನ ಹತ್ತಿರದಿಂದ ಬರಬೇಕಾಗಿದ್ದ ದನಿಯನ್ನು. ಅದು ತಡವಾಗಿ ಬಂತು.

"ಅವತ್ತು?" ಅಂದಳು ಹೆಂಡತಿ. ಮೈಕಿನಲ್ಲಿ ಆ ಒಂದು ಪದ ಇಡೀ ಹಾಲಿಗೆ ಕೇಳಿಸಿತು. "ಅವತ್ತಿಂದೂ ಹಿಂದಿನ ದಿನಾನೇ ಆಗಿತ್ತಾ?"

"ಹೂಂ," ಅಂದ.

ಅವಳು ಅಳಲಿಲ್ಲ. ಕೊರಳಿನ ಟೇಪು ಆಗ ಕೈಗೆ ಸಿಕ್ಕಿತೆಂದು ಕಾಣುತ್ತದೆ, ಅದನ್ನು ಎಳೆದು ತೆಗೆದು ಬೆರಳಿಗೆ ಸುತ್ತುತ್ತ ನಿಂತಳು. ಪೂರ್ತಿ ಸುತ್ತಿ ಮುಗಿಸಿದ ಮೇಲೆ ಮೊದಲ ಸಾಲಿನಿಂದ ಒಂದು ಖಾಲಿ ಕುರ್ಚಿಯನ್ನು ನೆಲದ ಮೇಲೆ ಕರಕರ ಎಳೆದುಕೊಂಡು ಬಂದು ಅವನ ಮೇಜಿನ ಎದುರು ಹಾಕಿ ಕೂತಳು. ವೇದಿಕೆಯ ಮೇಲಿನಿಂದ ಸಾಹೇಬರು, ಅಮ್ಮಾ ಸಭೆ ಮುಗೀತು, ಮುಂದೂಡಲಾಗಿದೆ ಎಂದು ಏನೇನೋ ಅನ್ನುತ್ತಿದ್ದರು. ಅವಳು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಅವಳ ಹಿಂದೆ ಭೂಗೋಳದ ಮೇಷ್ಟ್ರು ಬಂದು ನಿಂತರು, ಅವರ ಹಿಂದೆ ಅಜ್ಜಿ, ಅಜ್ಜಿಯ ಹಿಂದೆ ಇನ್ನೂ ಯಾರ್ಯಾರೋ.

"ಕೂತ್ಕೊಳ್ಳಿ," ಅಂದಳು. ಕೂತ. "ಪುಟ ತಿರುಗಿಸಿ." ತಿರುಗಿಸಿದ. "ಬರ್ಕೊಳ್ಳಿ. ಮೊದಲನೇ ಆಕ್ಷೇಪಣೆ. ಆಸ್ಪತ್ರೆದಲ್ಲ, ಅದು ಎರಡನೇದು. ಮೊದಲನೇದು ಈ ಶೀಘ್ರಲಿಪಿಗಾರರ ಮೇಲೆ. ಇಪ್ಪತ್ತಾರು ವರ್ಷ ಇವರು ಈ ಊರಲ್ಲಿ ಯಾರ ಮಾತನ್ನೂ ಬರ್ಕೊಂಡಿಲ್ಲ. ಹೆಂಡ್ತಿ ಸಾಯೋ ಹೊತ್ತಲ್ಲಿ ಬರ್ಕೊಳ್ತಿದೀನಿ ಅಂತ ಸುಳ್ಳು ಹೇಳಿ ಕಳ್ಸಿದ್ರು. ಹೇಳ್ತಿರೋಳು ಅವರ ಹೆಂಡ್ತಿ."

ಅವನು ಬರೆದುಕೊಂಡ. ಗೆರೆಗಳು ಸರಿಯಾಗಿ ಮೂಡಿದವು.

"ಬರ್ಕೊಂಡ್ರಾ?"

"ಹೂಂ."

"ಓದಿ."

ಅವನು ಎದ್ದು ನಿಂತು, ಹಿಂದಿನ ಸಾಲಿನವರಿಗೂ ಕೇಳುವಷ್ಟು ಗಟ್ಟಿಯಾಗಿ, ಒಂದು ಪದವನ್ನೂ ಬಿಡದೆ ಓದಿದ.